ಚೇಳಿನ ವಿಷ ಹಿಂಡಿದ ಮಳೆಗಾಲ

ಕಳೆದ ತಿಂಗಳು ಪ್ರಾಯೋಗಿಕ ಪರೀಕ್ಷೆ ನಡೆಸಲು ಬೀದರಿನಿಂದ ಔರಾದಿಗೆ ಹೋಗುತ್ತಿದ್ದೆ. ಸಂತಪುರದಲ್ಲಿ ಬಸ್ಸು ನಿಂತಿತು. ಹಿಂದಿನ ದಿನ ಮಳೆಯಾಗಿತ್ತು. ರಸ್ತೆ ದಾಟುತ್ತಿದ್ದ ಕುರಿ ಹಿಂಡೊಂದು ಬಸ್ಸಿನ ಎರಡೂ ಬದಿಗೆ ಹರಿದುಹೋಯಿತು. ತೆರೆದ ಕಿಟಕಿಯಿಂದ ಒದ್ದೆ ಉಣ್ಣೆಯ ವಾಸನೆ ಒಳಗೆ ಬಂತು. ಪಕ್ಕದಲ್ಲಿದ್ದ ಉಪನ್ಯಾಸಕಿ ಮೂಗಿಗೆ ಸೆರಗು ಹಿಡಿದರು. ನನಗೆ ಆ ವಾಸನೆ ಹಿತವೂ ಅಲ್ಲ, ಅಹಿತವೂ ಅಲ್ಲ. ಅದು ಬಂದಾಗ ನಾನು ಒಂದು ಮಳೆಗಾಲವಿಡೀ ವಾಸವಿದ್ದ ಮನೆ ಕಣ್ಣ ಮುಂದೆ ನಿಲ್ಲುತ್ತದೆ, ಅಷ್ಟೆ.

ಆಗ ನಾನು ಪಿಎಚ್.ಡಿ. ಮಾಡುತ್ತಿದ್ದೆ. ನನ್ನ ವಿಷಯ ಕೆಂಪು ಚೇಳಿನ ವಿಷದಲ್ಲಿರುವ ಪೆಪ್ಟೈಡುಗಳು. ನಮ್ಮೂರು ಭಾಲ್ಕಿ ತಾಲ್ಲೂಕಿನ ಮೆಹಕರ. ಅಲ್ಲಿ ನಮ್ಮ ಬೌದ್ಧರ ಓಣಿಯಲ್ಲಿ ಓದಿದವರು ಬಹಳ ಮಂದಿ ಇದ್ದರು. ಮಾಸ್ತರರು, ನರ್ಸುಗಳು, ಕಚೇರಿ ನೌಕರರು ಎಲ್ಲ ಇದ್ದರು. ಚೇಳಿನ ಬಗ್ಗೆ ಓದುವವರು ಮಾತ್ರ ಇರಲಿಲ್ಲ. ಭಾಲ್ಕಿಯ ಶಾಲೆಯೊಂದರಲ್ಲಿ ಗುಮಾಸ್ತರಾಗಿದ್ದ ಅಪ್ಪ, ಮಗಳು ಏನು ಓದುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ "ಔಷಧದ್ದು" ಎಂದು ಹೇಳಿ ಮಾತು ಬದಲಿಸುತ್ತಿದ್ದರು.

ಔಷಧದ್ದು ಎನ್ನುವುದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಚೇಳಿನ ಒಂದು ಹನಿ ವಿಷ ಒಂದೇ ವಸ್ತುವಲ್ಲ. ಹತ್ತಾರು ಬಗೆಯ ಪೆಪ್ಟೈಡುಗಳ ಬೆರಕೆ ಅದು. ಪೆಪ್ಟೈಡ್ ಎಂದರೆ ಪ್ರೋಟೀನಿನ ಜಾತಿಯದೇ, ಆದರೆ ಗಿಡ್ಡ ಸರ. ಆ ಸರ ತನ್ನ ಮೇಲೆ ತಾನೇ ಮಡಚಿಕೊಂಡು, ಗಂಧಕದ ಕೊಂಡಿಗಳಿಂದ ಬಿಗಿದುಕೊಂಡಿರುತ್ತದೆ. ಅದಕ್ಕೇ ಸುಲಭವಾಗಿ ಕೆಡುವುದಿಲ್ಲ. ನಮ್ಮ ನರಗಳ ಗೋಡೆಯಲ್ಲಿ ಸೋಡಿಯಂ ಒಳಗೆ ಬರುವ ಬಾಗಿಲುಗಳಿವೆ, ಪೊಟ್ಯಾಸಿಯಂ ಹೊರಗೆ ಹೋಗುವ ಬಾಗಿಲುಗಳಿವೆ. ಅವು ಕ್ಷಣಾರ್ಧದಲ್ಲಿ ತೆರೆದು ಮುಚ್ಚುವುದರಿಂದಲೇ ನರ ಸುದ್ದಿ ಸಾಗಿಸುತ್ತದೆ, ಮತ್ತೆ ಸುಮ್ಮನಾಗುತ್ತದೆ. ಚೇಳಿನ ಕೆಲವು ಪೆಪ್ಟೈಡುಗಳು ಸೋಡಿಯಂ ಬಾಗಿಲನ್ನು ಮುಚ್ಚಲು ಬಿಡುವುದಿಲ್ಲ. ಇನ್ನು ಕೆಲವು ಪೊಟ್ಯಾಸಿಯಂ ಬಾಗಿಲಿಗೆ ಬೆಣೆಯಂತೆ ಕೂತುಬಿಡುತ್ತವೆ. ಯಾವುದು ಯಾವ ಬಾಗಿಲಿಗೆ ಕೂರುತ್ತದೆ ಎಂದು ತಿಳಿದರೆ ನರವನ್ನೂ ತಿಳಿಯಬಹುದು, ಮುಂದೆ ಯಾರಾದರೂ ಔಷಧವನ್ನೂ ಹುಡುಕಬಹುದು. ನನ್ನ ಪ್ರಶ್ನೆ ಇನ್ನೂ ಸಣ್ಣದು. ಬೀದರ ನಗರದ ಸುತ್ತಲಿನ ಕೆಂಪು ಕಲ್ಲಿನ ನೆಲದ ಚೇಳು ಮತ್ತು ಔರಾದ್ ಕಡೆಯ ಕರಿ ಮಣ್ಣಿನ ಚೇಳು ಒಂದೇ ಜಾತಿಯವು. ಆದರೆ ಎರಡರ ವಿಷವೂ ಒಂದೇ ಇದೆಯೇ?

ಬೀದರಿನ ಚೇಳುಗಳನ್ನು ಬೇಸಿಗೆಯಲ್ಲೇ ಹಿಡಿದು ಮುಗಿಸಿದ್ದೆವು. "ನಾವು" ಎಂದರೆ ನಾನು ಮತ್ತು ಇಮ್ರಾನ್. ಇಮ್ರಾನ್ ಬೀದರಿನ ಹಳೇ ಊರಿನವನು, ನನ್ನ ಜೊತೆಗೇ ಸಂಶೋಧನೆಗೆ ಸೇರಿದವನು. ಮಳೆ ಶುರುವಾದ ಮೇಲೆ ಔರಾದ್ ಕಡೆಯ ಕೆಲಸಕ್ಕಾಗಿ ಸಂತಪುರದಲ್ಲಿ ನನಗೊಂದು ಕೋಣೆ ಹಿಡಿದೆವು. ಅವನು ಬೈಕಿನ ಮೇಲೆ ಬೀದರಿನಿಂದ ಬಂದು ಹೋಗುವುದೆಂದು ಮಾತಾಯಿತು. ಕೋಣೆ ಇದ್ದದ್ದು ಗುಂಡಮ್ಮ ಎಂಬ ಹಿರಿಯರ ಮನೆಯಲ್ಲಿ. ಕುರಿ ಸಾಕುವ ಮನೆತನ, ಜೊತೆಗೆ ಸ್ವಲ್ಪ ಹೊಲ. ಮಗ ಹಿಂಡು ಹೊಡೆದುಕೊಂಡು ಮೇವಿದ್ದ ಕಡೆ ಹೋಗಿದ್ದ. ಮನೆಯಲ್ಲಿ ಗುಂಡಮ್ಮ, ಸೊಸೆ ಈರಮ್ಮ, ಹಟ್ಟಿಯಲ್ಲಿ ಮರಿ ಹಾಕಿದ ಕೆಲವು ಕುರಿಗಳು.

ಮೊದಲ ದಿನವೇ ಗುಂಡಮ್ಮ ನನ್ನನ್ನೂ ಇಮ್ರಾನನನ್ನೂ ಎದುರು ನಿಲ್ಲಿಸಿಕೊಂಡು ಊರು, ಮನೆತನ, ತಂದೆಯ ಹೆಸರು ಎಲ್ಲ ಕೇಳಿದರು. ಕೇಳಿಯಾದ ಮೇಲೆ ಸ್ವಲ್ಪ ಹೊತ್ತು ಎಲೆ ಅಡಿಕೆ ಅಗಿದರು.

"ನೀವ್ ಯಾರರೆ ಇರ್ರಿ, ನನಗೇನದ," ಎಂದರು. "ಚೇಳ ಮಾತ್ರ ಮನಿಯೊಳಗ ತರಬ್ಯಾಡ್ರಿ."

ಹಾಗಾಗಿ ಚೇಳುಗಳು ಹೊಲದ ಮೋಟರ್ ಮನೆಯಲ್ಲಿ ಉಳಿದವು. ಬಾವಿಯ ಪಕ್ಕದ ಒಂದು ಸಣ್ಣ ಕೋಣೆ ಅದು. ಒಂದು ಡಬ್ಬಿಗೆ ಒಂದೇ ಚೇಳು. ಎರಡನ್ನು ಕೂಡಿ ಹಾಕಿದರೆ ಬೆಳಗಿನ ಹೊತ್ತಿಗೆ ಒಂದೇ ಇರುತ್ತಿತ್ತು. ಹಗಲು ಬದುವಿನ ಕಲ್ಲು ಎತ್ತಿ ಹುಡುಕುತ್ತಿದ್ದೆವು. ಕೆಲವು ದಿನ ಸಂಜೆ ಕತ್ತಲು ಕೂಡುತ್ತಿದ್ದಂತೆ ಅತಿನೇರಳೆ ಬೆಳಕಿನ ಟಾರ್ಚು ಹಿಡಿದು ಹೊರಡುತ್ತಿದ್ದೆವು. ಆ ಬೆಳಕು ಬಿದ್ದರೆ ಚೇಳು ತಿಳಿಹಸಿರಾಗಿ ಹೊಳೆಯುತ್ತದೆ. ಈರಮ್ಮ ಒಮ್ಮೆ ನಮ್ಮ ಜೊತೆ ಬಂದವರು, ತಾವು ದಿನವೂ ಕಳೆ ತೆಗೆಯುವ ಹೊಲದ ಬದುವಿನಲ್ಲಿ ಅಲ್ಲೊಂದು ಇಲ್ಲೊಂದು ಹೊಳೆಯುವುದನ್ನು ನೋಡಿದರು.

"ಇಷ್ಟ್ ಅವ ಅಂತ ಗೊತ್ತಿದ್ದಿಲ್ರಿ," ಎಂದರು. "ನೋಡಬಾರದಿತ್ತು." ಮರುದಿನ ಎಂದಿನಂತೆ ಕಳೆ ತೆಗೆಯಲು ಹೋದರು.

ವಿಷ ಹಿಂಡುವುದು ತಾಳ್ಮೆಯ ಕೆಲಸ. ಚಿಮುಟದಲ್ಲಿ ಚೇಳಿನ ಬಾಲ ಹಿಡಿದು, ಕೊಂಡಿಯ ತುದಿಯನ್ನು ಕೂದಲಿನಂಥ ಗಾಜಿನ ನಳಿಕೆಗೆ ಒಡ್ಡಿ, ಬ್ಯಾಟರಿಯಿಂದ ಸಣ್ಣ ವಿದ್ಯುತ್ ತಗುಲಿಸಬೇಕು. ಮೊದಲು ನೀರಿನಂಥ ತಿಳಿ ಹನಿ ಬರುತ್ತದೆ, ಆಮೇಲೆ ಹಾಲಿನಂಥದ್ದು. ನಮಗೆ ಬೇಕಿದ್ದದ್ದು ಆ ಹಾಲಿನಂಥದ್ದು. ಅದೂ ಸಾಸಿವೆ ಕಾಳಿಗಿಂತ ಕಡಿಮೆ. ಹಿಂಡಿದ ಚೇಳನ್ನು ಮತ್ತೆ ಹಿಂಡಲು ಎರಡು ಮೂರು ವಾರ ಬಿಡಬೇಕು. ಸಂಗ್ರಹವಾದದ್ದನ್ನು ಇಮ್ರಾನ್ ಮಂಜುಗಡ್ಡೆಯ ಫ್ಲಾಸ್ಕಿನಲ್ಲಿ ಬೀದರಿಗೆ ಒಯ್ದು ಫ್ರೀಜರಿಗೆ ಹಾಕುತ್ತಿದ್ದ. ದಾರಿಯಲ್ಲಿ ಮಳೆ ಬಂದರೆ ತಾನು ನೆನೆದು ಫ್ಲಾಸ್ಕಿಗೆ ರೇನ್‌ಕೋಟು ಸುತ್ತುತ್ತಿದ್ದ.

ಶ್ರಾವಣದಲ್ಲಿ ನಾಲ್ಕು ದಿನ ಬಿಡದೆ ಜಿನುಗಿತು. ಐದನೆಯ ದಿನ ಮಧ್ಯಾಹ್ನ ಸ್ವಲ್ಪ ಹೊಳವಾಯಿತು. ಇಮ್ರಾನ್ ಬೆಳಿಗ್ಗೆಯೇ ಬೀದರಿಗೆ ಹೋಗಿದ್ದ. ನಾನು ಮೋಟರ್ ಮನೆಗೆ ಹೊರಟು, ಹಟ್ಟಿಯ ಕಲ್ಲಿನ ಗೋಡೆಗೆ ನೇತುಹಾಕಿದ್ದ ನನ್ನ ರೇನ್‌ಕೋಟು ತೆಗೆದುಕೊಂಡು ಕೊಡವಿ, ಎಡಗೈ ತೂರಿಸಿದೆ. ತೋಳಿನ ಮಡಿಕೆಯೊಳಗೆ ಕೂತಿದ್ದದ್ದು ಕೊಡವಿದರೂ ಬಿದ್ದಿರಲಿಲ್ಲ. ಹೆಬ್ಬೆರಳ ಬುಡಕ್ಕೆ ಹೊಡೆಯಿತು.

ಅಷ್ಟು ದಿನ ಅಷ್ಟೊಂದು ಚೇಳು ಹಿಡಿದಿದ್ದರೂ ಒಂದೂ ನನಗೆ ಹೊಡೆದಿರಲಿಲ್ಲ. ನೋವನ್ನು ಹೇಗೆ ಹೇಳುವುದು? ಕಾಯಿಸಿದ ತಂತಿಯನ್ನು ಎಲುಬಿನ ಉದ್ದಕ್ಕೂ ಎಳೆದ ಹಾಗಿತ್ತು. ರೇನ್‌ಕೋಟು ಕಿತ್ತೆಸೆದು ಕೂತೆ. ಹೊರಬಿದ್ದ ಚೇಳನ್ನು ನೋಡಿದೆ. ಕೆಂಪು ಚೇಳೇ, ಪೂರ್ತಿ ಬೆಳೆದದ್ದು. ಬಾಗಿಲುಗಳು, ಬೆಣೆ, ಸೋಡಿಯಂ ಯಾವುದೂ ನೆನಪಾಗಲಿಲ್ಲ. ಅವ್ವನನ್ನು ಕರೆದೆನಂತೆ. ಅದನ್ನು ಆಮೇಲೆ ಈರಮ್ಮ ಹೇಳಿದರು.

ಗುಂಡಮ್ಮ ಒಳಗಿನಿಂದ ಬಂದರು. ನನ್ನ ಕೈ ನೋಡಿ, ಸೊಸೆಗೆ ಹಿಂದಿನ ಓಣಿಯ ಮಂತ್ರ ಹಾಕುವವನನ್ನು ಕರೆಯಲು ಹೇಳಿದರು.

"ಬ್ಯಾಡ ಆಯಿ," ಎಂದೆ. "ಔರಾದಿಗಿ ಹೋಗ್ತೇನಿ. ದವಾಖಾನಿಗಿ."

"ಸುಮ್ ಕೂಡು. ನನಗ ಎಷ್ಟ್ ಸಲ ಕಡದದ. ಆಂವ ಬಂದು ಮಂತ್ರ ಹಾಕ್ತಾನ, ರಾತ್ರಿತನ ಉರಿತದ, ಮುಂಜಾನಿ ಏಳ್ತಿ."

ಅವರು ಹೇಳುವುದರಲ್ಲಿ ಸುಳ್ಳಿರಲಿಲ್ಲ. ಬಹಳ ಮಂದಿಗೆ ಬರೀ ನೋವು ಬಂದು ಹೋಗುತ್ತದೆ. ಮಂತ್ರ ಹಾಕಿದರೂ ಹೋಗುತ್ತದೆ, ಹಾಕದಿದ್ದರೂ ಹೋಗುತ್ತದೆ. ಆದರೆ ಯಾರಿಗೆ ಬರೀ ನೋವು, ಯಾರಿಗೆ ಅದಕ್ಕಿಂತ ಹೆಚ್ಚು ಎಂದು ಮೊದಲೇ ಗೊತ್ತಾಗುವುದಿಲ್ಲ. ಅರ್ಧ ಗಂಟೆಯೊಳಗೆ ನನ್ನದು ಎರಡನೆಯ ಬಗೆಯದೆಂದು ಗೊತ್ತಾಯಿತು. ತಣ್ಣನೆಯ ಗಾಳಿಯಲ್ಲಿ ಕೂತೇ ಕುಪ್ಪಸ ಬೆವರಿನಿಂದ ತೊಯ್ದಿತು. ಬಾಯಲ್ಲಿ ನೀರು ತುಂಬಿ ವಾಂತಿಯಾಯಿತು. ಎದೆ ಹೊಡೆದುಕೊಳ್ಳುವುದು ಕಿವಿಗೆ ಕೇಳತೊಡಗಿತು. ಆಗ ಮಾತ್ರ ಓದಿದ್ದು ನೆನಪಿಗೆ ಬಂತು. ಬಾಗಿಲುಗಳು ಮುಚ್ಚುತ್ತಿಲ್ಲ, ನರಗಳು ನಿಲ್ಲದೆ ಕೂಗುತ್ತಿವೆ, ಅಡ್ರಿನಲಿನ್ ಸುರಿಯುತ್ತಿದೆ. ಇದು ಹೀಗೇ ಮುಂದುವರಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಎಲ್ಲ ಕ್ರಮವಾಗಿ ಗೊತ್ತಿತ್ತು. ಗೊತ್ತಿದ್ದುದರಿಂದ ಹೆದರಿಕೆ ಕಡಿಮೆಯಾಗಲಿಲ್ಲ.

ಈರಮ್ಮ ನನ್ನ ಪಾದ ಮುಟ್ಟಿ ನೋಡಿದರು. ಅತ್ತೆಯ ಕಡೆ ತಿರುಗಿದರು.

"ಅತ್ತಿ, ಕಾಲ ಥಂಡಿ ಆಗ್ಯಾವ."

ಗುಂಡಮ್ಮ ನನ್ನ ಪಾದ ಮುಟ್ಟಲಿಲ್ಲ. ಎದ್ದು ಒಳಗೆ ಹೋದರು. ಈರಮ್ಮ ಬಸ್ ಸ್ಟ್ಯಾಂಡಿನಿಂದ ಟಂಟಂ ಆಟೋ ಕರೆಸಿ, ನನ್ನನ್ನು ಒರಗಿಸಿಕೊಂಡು ಔರಾದಿಗೆ ಹೊರಟರು. ದಾರಿಯುದ್ದಕ್ಕೂ ಗುಂಡಿ. ಒಂದೊಂದು ಕುಲುಕಿಗೂ ಅವರು ನನ್ನ ತಲೆಯನ್ನು ಎದೆಗೆ ಒತ್ತಿ ಹಿಡಿಯುತ್ತಿದ್ದರು.

ದವಾಖಾನೆಯಲ್ಲಿದ್ದ ಡಾಕ್ಟರು ನನ್ನಷ್ಟೇ ವಯಸ್ಸಿನ ಹೆಂಗಸು. ಚೇಳು ಎನ್ನುತ್ತಲೇ ಮೊದಲು ಕೈ ಕಾಲು ಮುಟ್ಟಿದರು, ಆಮೇಲೆ ಎದೆ ಕೇಳಿದರು. ಪ್ರಜೋಸಿನ್ ಎಂಬ ಗುಳಿಗೆ ಕೊಟ್ಟು, ಇಂಜೆಕ್ಷನ್ನೂ ಹಾಕಿ, ಅಲುಗಾಡದೆ ಮಲಗಬೇಕೆಂದರು. ಆ ಗುಳಿಗೆ ಮೂಲತಃ ರಕ್ತದೊತ್ತಡದ್ದು. ಬಿಗಿದುಕೊಂಡ ರಕ್ತನಾಳಗಳನ್ನು ಸಡಿಲಿಸಿ ಎದೆಯ ಮೇಲಿನ ಹೊರೆ ಇಳಿಸುತ್ತದೆ. ಏಳಲು ಹೋದರೆ ತಲೆಸುತ್ತಿ ಬೀಳುವ ಅಪಾಯ. ಗಂಟೆ ಗಂಟೆಗೆ ಅವರು ಬಂದು ನನ್ನ ಪಾದ ಮುಟ್ಟಿ ಹೋಗುತ್ತಿದ್ದರು. ಕತ್ತಲಾಗುವ ಹೊತ್ತಿಗೆ ಒಮ್ಮೆ ಮುಟ್ಟಿ, ಈರಮ್ಮನ ಕೈ ಹಿಡಿದು ಅಲ್ಲಿಟ್ಟರು.

"ನೋಡ್ರಿ, ಬಿಸಿ ಆಗಲತ್ತಾವ," ಎಂದರು. "ಇನ್ನ ಅಂಜಿಕಿ ಇಲ್ಲ."

ಮರುದಿನ ಅಪ್ಪ ಬಂದು ನನ್ನನ್ನು ಮೆಹಕರಕ್ಕೆ ಕರೆದೊಯ್ದರು. ಮನೆಯಲ್ಲಿ ಎರಡು ವಾರ ಇದ್ದೆ. ಕೈಯ ಜೋಮು ಹೋಯಿತು. ಆದರೆ ಹೊದಿಕೆ ಕೊಡವದೆ ಮಲಗುವುದು, ಚಪ್ಪಲಿ ನೋಡದೆ ಮೆಟ್ಟುವುದು ಆಗದಾಯಿತು. ಬಾಗಿಲ ಮೂಲೆಯಲ್ಲಿ ಕಸಬರಿಗೆಯ ಕಡ್ಡಿ ಬಿದ್ದಿದ್ದರೂ ಬೆನ್ನು ಸೆಟೆಯುತ್ತಿತ್ತು. ವಿಷಯ ಬದಲಿಸಲೇ ಎಂದು ಯೋಚಿಸಿದೆ. ಇಮ್ರಾನ್ ಫೋನು ಮಾಡಿ, ಡಬ್ಬಿಗಳಿಗೆಲ್ಲ ತಾನು ಹುಳ ಹಾಕುತ್ತಿದ್ದೇನೆ, ಅವಸರವಿಲ್ಲ ಎಂದ. ಅವಸರ ಇತ್ತು. ಮಳೆ ನಿಂತು ನೆಲ ಒಣಗಿದರೆ ಚೇಳು ಆಳಕ್ಕೆ ಇಳಿದುಬಿಡುತ್ತವೆ.

ಅಪ್ಪ ಎರಡು ವಾರವೂ ಈ ವಿಷಯ ಎತ್ತಲಿಲ್ಲ. ಕೊನೆಗೊಂದು ದಿನ ಊಟಕ್ಕೆ ಕೂತಾಗ ಕೇಳಿದರು.

"ನೀ ಹೋಗದಿದ್ರ ಆ ಕೆಲಸ ಯಾರ್ ಮಾಡ್ತಾರ?"

"ಇಮ್ರಾನ್ ಮಾಡ್ತಾನ. ಇಲ್ಲಾ ಬ್ಯಾರೆ ಯಾರರೆ."

"ಮತ್ತ ಅವರಿಗಿ ಕಡಿಯಂಗಿಲ್ಲೇನು?"

ಅಪ್ಪ ಮರುದಿನ ನನ್ನ ಚೀಲ ತಾವೇ ಹಿಡಿದು ಸಂತಪುರದ ತನಕ ಬಂದರು. ಗುಂಡಮ್ಮನ ಅಂಗಳದಲ್ಲಿ ಕೂತು ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಸಂಜೆಯ ಬಸ್ಸಿಗೆ ಹೊರಟುಹೋದರು.

ಮತ್ತೆ ಮೊದಲ ಸಲ ಚಿಮುಟ ಹಿಡಿದಾಗ ಕೈ ನಡುಗಿ, ಕೊಂಡಿಯ ತುದಿ ನಳಿಕೆಗೆ ಸೇರಲೇ ಇಲ್ಲ. ಇಮ್ರಾನ್ ತಾನು ಮಾಡುತ್ತೇನೆ ಎಂದ. ಬೇಡ ಎಂದು ಡಬ್ಬಿ ಮುಚ್ಚಿ ಹೊರಗೆ ಬಂದೆ. ಈರಮ್ಮ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು.

"ವೈನಿ, ನಿಮಗ ಅಂಜಿಕಿ ಬರಂಗಿಲ್ಲೇನು, ಕಳಿ ತಗಿಯುವಾಗ?"

"ಬರ್ತದ್ರಿ," ಎಂದರು ಅವರು. "ಅಂಜಕೋತನೇ ತಗಿತೇನಿ. ಒಂದ್ ಸಾಲ ಮುಗದ ಮ್ಯಾಲ ಇನ್ನೊಂದ್ ಸಾಲ." ರೊಟ್ಟಿಯ ಮೇಲೆ ಪುಂಡಿ ಪಲ್ಯ ಹಾಕಿ ನನ್ನ ಕೈಗೆ ಕೊಟ್ಟರು. ಅದನ್ನು ತಿಂದು ಒಳಗೆ ಹೋದೆ. ನಡುಕ ನಿಂತಿರಲಿಲ್ಲ. ಮೊಣಕೈಯನ್ನು ಮೇಜಿಗೆ ಒತ್ತಿ ಹಿಡಿದರೆ ನಡುಕ ಬೆರಳಿಗೆ ಇಳಿಯುವುದಿಲ್ಲ ಎಂದು ಕಂಡುಕೊಂಡೆ. ಆ ಮಳೆಗಾಲ ಮುಗಿಯುವ ತನಕ ಹಾಗೆಯೇ ಹಿಂಡಿದೆ.

ಗುಂಡಮ್ಮನ ಮಗಳ ವಿಷಯ ನನಗೆ ತಿಳಿದದ್ದು ಆ ದಿನಗಳಲ್ಲೇ. ಒಂದು ಮಧ್ಯಾಹ್ನ ಅವರು ತೊಗರಿಬೇಳೆ ಆರಿಸುತ್ತ ಕೂತಿದ್ದರು, ನಾನು ಜೊತೆಗೆ ಕೂತೆ. ಅವರು ಮೊರದಿಂದ ಕಣ್ಣು ಎತ್ತದೆ ಕೇಳಿದರು.

"ನಿನಗ ಕೊಟ್ರಲ್ಲ ಆ ಗುಳಿಗಿ. ಅದು ಮದಲೂ ಇತ್ತೇನು?"

"ಯಾವಾಗ ಆಯಿ?"

"ನಲವತ್ತ್ ವರ್ಷದ ಹಿಂದಿನ ಮಾತು. ನನಗ ಒಂದ್ ಹುಡುಗಿ ಇತ್ತು. ಶಾಂತಾ. ಇನ್ನಾ ಸಾಲಿಗಿ ಹಾಕಿದ್ದಿಲ್ಲ. ಸೌದಿ ತರಾಕ ಹೋದಾಗ ಕಡೀತು. ಮಂತ್ರ ಹಾಕಿಸಿದ್ವಿ. ಬಂಡಿ ಹೂಡ್ರಿ, ಬೀದರಿಗಿ ಒಯ್ಯಾಮು ಅಂದೆ. ನಮ್ಮ ಮಾವ ಬ್ಯಾಡ ಅಂದ್ರು, ಹಾದ್ಯಾಗ ಏನರೆ ಆದೀತು ಅಂದ್ರು. ಮುಂಜಾನಿಗಿ ಹೋಯ್ತು." ಬೇಳೆಯಿಂದ ಒಂದು ಕಲ್ಲು ತೆಗೆದು ಹೊರಗೆ ಎಸೆದರು. "ನಮ್ಮ ಮಾವಗ ನಾ ಆ ಮ್ಯಾಲ ಮಾತಾಡ್ಸಲಿಲ್ಲ. ಸಾಯೋತನ ಮಾತಾಡ್ಸಲಿಲ್ಲ."

ಇಲ್ಲ ಆಯಿ, ಆಗ ಇರಲಿಲ್ಲ ಎಂದು ಅಲ್ಲೇ ಹೇಳಿಬಿಡಬಹುದಿತ್ತು. ನಿಜವಾಗಿ ನನಗೆ ಗೊತ್ತಿರಲಿಲ್ಲ. ಕೇಳಿ ಹೇಳುತ್ತೇನೆ ಎಂದೆ. ಕೈ ತೋರಿಸಲು ಔರಾದಿಗೆ ಹೋದಾಗ ಆ ಡಾಕ್ಟರನ್ನು ಕೇಳಿದೆ. ಅವರು ತಿಳಿದಷ್ಟು ಹೇಳಿದರು. ನಾನೂ ಬೀದರಿಗೆ ಹೋಗಿ ಹಳೆಯ ಲೇಖನಗಳನ್ನು ನೋಡಿದೆ. ವಾಪಸು ಬಂದಾಗ ಗುಂಡಮ್ಮ ಹಟ್ಟಿಯಲ್ಲಿ ಕುರಿಮರಿಗೆ ಹಾಲು ಕುಡಿಸುತ್ತಿದ್ದರು.

"ಆಯಿ, ಗುಳಿಗಿ ಇದ್ದಿರಬೇಕು," ಎಂದೆ. "ಆದ್ರ ಅದು ಬಿಪಿಗಿ ಕೊಡೋದು. ಚೇಳಿಗಿ ನಡೀತದ ಅಂತ ಆವಾಗ ನಮ್ಮ ಕಡಿ ಗೊತ್ತಿದ್ದಿಲ್ಲ. ಡಾಕ್ಟರಿಗಿ ಸೈತ ಗೊತ್ತಿದ್ದಿಲ್ಲ."

"ಡಾಕ್ಟರಿಗಿ ಸೈತ?"

"ಹೌದು."

"ಹಂಗಾರ ಬೀದರಿಗಿ ಒಯ್ದಿದ್ರೂ?"

"ಒಯ್ದಿದ್ರೂ ಉಳೀತಿದ್ಲು ಅಂತ ಹೇಳಾಕ ಬರಂಗಿಲ್ಲ ಆಯಿ."

ಅವರು ಮರಿಯ ಬಾಯಿಯನ್ನು ತಾಯಿಯ ಕೆಚ್ಚಲಿಗೆ ಹಚ್ಚಿ ಹಿಡಿದೇ ಇದ್ದರು. ಅದು ಕುಡಿದು ಮುಗಿಸಿದ ಮೇಲೂ ಕೈ ಬಿಡಲಿಲ್ಲ.

"ನಮ್ಮ ಮಾವ ಭಾಳ ವರ್ಷ ಬದುಕಿದ್ರು," ಎಂದರು ಕೊನೆಗೆ.

ನಾನು ಹೇಳಿದ್ದು ಅವರಿಗೆ ಹಗುರವಾಯಿತೋ ಭಾರವಾಯಿತೋ ನನಗೆ ತಿಳಿಯಲಿಲ್ಲ. ದಸರೆಗೆ ಮೊದಲು ಕೆಲಸ ಮುಗಿಯಿತು. ಚೇಳುಗಳನ್ನು ಹಿಡಿದ ಜಾಗದಲ್ಲೇ ಬಿಟ್ಟೆವು. ಈರಮ್ಮ ಮಾತ್ರ ತಮ್ಮ ಹೊಲದವನ್ನು ತಮ್ಮ ಹೊಲದಲ್ಲಿ ಬಿಡಬಾರದೆಂದು ಪಟ್ಟು ಹಿಡಿದಿದ್ದರಿಂದ ಅವನ್ನು ದೂರದ ಗುಡ್ಡಕ್ಕೆ ಒಯ್ದು ಬಿಟ್ಟೆವು.

ಒಣಗಿಸಿದ ವಿಷವನ್ನು ತೆಗೆದುಕೊಂಡು ನಾವಿಬ್ಬರೂ ಹೈದರಾಬಾದಿನ ಒಂದು ಪ್ರಯೋಗಾಲಯಕ್ಕೆ ಹೋದೆವು. ಅಲ್ಲಿ ವಿಷದ ದ್ರಾವಣವನ್ನು ಸಣ್ಣ ಕೊಳವೆಯ ಮೂಲಕ ಹಾಯಿಸಿದರೆ ಒಂದೊಂದು ಪೆಪ್ಟೈಡೂ ಒಂದೊಂದು ಹೊತ್ತಿಗೆ ಹೊರಬೀಳುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಅದೊಂದು ಶಿಖರವಾಗಿ ಏಳುತ್ತದೆ. ಬೀದರಿನ ಶಿಖರಗಳು, ಔರಾದಿನ ಶಿಖರಗಳು. ಒಂದರ ಮೇಲೊಂದು ಇಟ್ಟು ನೋಡಿದೆವು. ಹೆಚ್ಚಿನವು ಎರಡರಲ್ಲೂ ಇದ್ದವು. ಹೊಸದೆಂದು ನಾನು ಆಸೆಪಟ್ಟಿದ್ದ ಒಂದು ಪೆಪ್ಟೈಡನ್ನು ಬೇರೆ ಯಾರೋ ಆಗಲೇ ಗುರುತಿಸಿದ್ದರು. ಆದರೆ ಸೋಡಿಯಂ ಬಾಗಿಲಿಗೆ ಕೂರುವ ಗುಂಪಿನ ಒಂದು ಶಿಖರ ಔರಾದಿನ ವಿಷದಲ್ಲಿ ಸ್ಪಷ್ಟವಾಗಿ ಎತ್ತರವಿತ್ತು. ಮೂರು ಸಲ ಹಾಯಿಸಿದರೂ ಹಾಗೇ ಬಂತು. ನನ್ನ ಪ್ರಬಂಧ ನಿಂತದ್ದು ಆ ಒಂದು ವ್ಯತ್ಯಾಸದ ಮೇಲೆ. ದೊಡ್ಡ ಶೋಧವಲ್ಲ, ಆದರೆ ನಿಜವಾದದ್ದು. ಇಮ್ರಾನ್ ಆ ಶಿಖರವನ್ನು ಬೆರಳಿನಿಂದ ತೋರಿಸಿ, "ನಿನಗ ಹೊಡದಿದ್ದು ಇದೇ," ಎಂದ. ಇರಬಹುದು.

ನಾಲ್ಕನೆಯ ಸಲ ಹಾಯಿಸುತ್ತಿದ್ದಾಗ ಸಂತಪುರದಿಂದ ಫೋನು ಬಂತು. ಈರಮ್ಮ. ಸೋಯಾ ಕೊಯ್ದು ಬಣವೆ ಹಾಕಿದ್ದರಂತೆ. ಬಣವೆ ಬಿಚ್ಚುವಾಗ ಅತ್ತೆಗೆ ಚೇಳು ಕಡಿದಿತ್ತು.

"ಈಗ ಹ್ಯಾಂಗ್ ಅದಾರ ವೈನಿ?"

"ಮನಿಗಿ ಬಂದಾರ್ರಿ. ಎರಡ್ ದಿನ ಔರಾದಿನ್ಯಾಗ ಇದ್ವಿ. ನಾ ಏನೂ ಅಂದಿಲ್ರಿ ಅವರಿಗಿ. ಕಡದ ಮ್ಯಾಲ ತಾವೇ ಎದ್ದು, ಸೀರಿ ಬದಲಿ ಮಾಡಿ, ಟಂಟಂ ಕರಿ ಅಂದ್ರು. ತಡೀರಿ, ಕೊಡ್ತೇನಿ."

ಫೋನು ಕೈ ಬದಲಾಯಿತು. ಗುಂಡಮ್ಮ ದೂರದಲ್ಲಿದ್ದವರನ್ನು ಕರೆಯುವಂತೆ ಗಟ್ಟಿಯಾಗಿ ಮಾತಾಡಿದರು.

"ಮಕ್ಕೊಂಡೇ ಇರು ಅಂತಿದ್ಲು, ಆ ಡಾಕ್ಟರವ್ವ. ಏಳಾಕೇ ಬಿಡಲಿಲ್ಲ. ಚಹಾ ಸೈತ ಮಕ್ಕೊಂಡೇ ಕುಡಿ ಅಂತಿದ್ಲು."

"ನನಗೂ ಹಂಗೇ ಮಾಡಿದ್ರು ಆಯಿ. ಈಗ ಆರಾಮ ಅದೀರಲ್ಲ?"

ಫೋನಿನಲ್ಲಿ ಕುರಿ ಕೂಗುವುದು ಕೇಳಿಸುತ್ತಿತ್ತು.

"ನನ್ನ ಕೈ ಕಾಲ ಥಂಡಿ ಆದ್ವು," ಎಂದರು. ಈಗ ದನಿ ಇಳಿದಿತ್ತು. "ಆ ಮ್ಯಾಲ ಬಿಸಿ ಆದ್ವು. ನಾ ಮಕ್ಕೊಂಡಲ್ಲೇ ಮುಟ್ಟಿ ಮುಟ್ಟಿ ನೋಡ್ಕೊಂಡೆ. ನಮ್ಮ ಶಾಂತಾನ ಕೈ ಕಾಲ ನಾ ರಾತ್ರಿಯೆಲ್ಲಾ ತಿಕ್ಕಿದ್ದೆ. ಬಿಸಿ ಆಗಲಿಲ್ಲ."

ಅವರು ನನ್ನ ಮಾತಿಗೆ ಕಾಯಲಿಲ್ಲ.

"ಸೋಯಾ ರಾಶಿ ಇನ್ನಾ ಬಾಕಿ ಅದ. ಇಡ್ತೇನಿ," ಎಂದು ಫೋನು ಇಟ್ಟರು.